ಯಂತ್ರಪಟದ ಹಕ್ಕಿಬೇಟೆ

ಶಿಕಾರಿಪುರವು ಬೇಟೆಯಿಂದ ಹೆಸರು ಪಡೆದ ಊರು. ಮೊದಲು ಮಳಿಯನಹಳ್ಳಿಯೆಂದೂ, ಕೆಳದಿಯ ಅರಸರ ಕಾಲದಲ್ಲಿ ಮಹಾದಾನಪುರವೆಂದೂ ಕರೆಯಲ್ಪಡುತ್ತಿದ್ದ ಈ ಸ್ಥಳಕ್ಕೆ, ಸುತ್ತಣ ಕಾಡಿನಲ್ಲಿ ಶಿಕಾರಿಯ ಸಮೃದ್ಧಿಯನ್ನು ಕಂಡು ಹೈದರಾಲಿಯೋ ಟಿಪ್ಪುಸುಲ್ತಾನನೋ ಇಂದಿನ ಹೆಸರನ್ನು ಇಟ್ಟರೆಂದು ಪ್ರತೀತಿ. ಅದರ ನೆರೆಯ ಸೊರಬದ ಸೀಮೆಯಲ್ಲಿ ಬನವಾಸಿಯ ಕಡೆಗೆ ಹೋಗುವಾಗ ಗುಡವಿಯ ಕೆರೆ ದೊರೆಯುತ್ತದೆ. ಮಳೆ ಹಿಡಿದ ಮೇಲೆ ನೀರಿನಲ್ಲಿ ನಿಂತ ಮರಗಳ ತುಂಬ ಬಿಳಿಯ ಕೆಂಬರಲು, ಹಾವಕ್ಕಿ, ನೀರುಕಾಗೆ, ಇರುಳುಬಕ ಮೊದಲಾದುವು ಗೂಡು ಕಟ್ಟಿ ಮರಿಮಾಡುತ್ತವೆ. ೧೯೮೯ರಲ್ಲಿ ಸರ್ಕಾರವು ಅದನ್ನು ಪಕ್ಷಿಧಾಮವೆಂದು ಘೋಷಿಸಿತು. ಒಂದೂರು ಬೇಟೆಯಿಂದ ಹೆಸರಾಯಿತು. ಇನ್ನೊಂದೂರು ಬೇಟೆಯಿಲ್ಲದುದರಿಂದ ಹೆಸರಾಯಿತು. ಇವೆರಡಕ್ಕೂ ನಡುವೆ ೧೯೭೨ರ ವನ್ಯಜೀವಿ ಸಂರಕ್ಷಣಾ ಶಾಸನವೂ, ರಹದಾರಿ ಪಡೆದು ಬೇಟೆಯಾಡುವ ಪದ್ಧತಿಯನ್ನು ತೆಗೆದುಹಾಕಿದ ೧೯೯೧ರ ತಿದ್ದುಪಡಿಯೂ ನಿಂತಿವೆ. ಆದಕಾರಣ ಈ ಎರಡು ತಾಲ್ಲೂಕುಗಳ ಹುಡುಗನೊಬ್ಬನು ಇಂದು ಹಕ್ಕಿಗೆ ಗುರಿಯಿಡಬೇಕಾದರೆ ಅವನಿಗೆ ಉಳಿದಿರುವ ಕಾಡು ಒಂದೇ: ಟೆಲಿವಿಷನ್ನು, ಕಂಪ್ಯೂಟರು, ಮೊಬೈಲುಗಳ ಪಟದೊಳಗಿನ ಕಾಡು.

ಆ ಕಾಡಿನ ವಿಷಯದಲ್ಲಿ ಒಂದು ವಿವಾದವಿದೆ. ಹಕ್ಕಿಬೇಟೆಯ ವಿಡಿಯೋ ಆಟವು ನಿಜವಾದ ಬೇಟೆಯನ್ನು ಕೂದಲೆಳೆಯೂ ಬಿಡದೆ ಹೋಲಬೇಕೆಂದು ಕೆಲವರು. ಆಟವೆಂದಮೇಲೆ ವಿನೋದವೇ ಮುಖ್ಯ, ಗಂಟೆಗಟ್ಟಲೆ ಕೆಸರಿನಲ್ಲಿ ಕುಳಿತು ಕಾಯುವ ಕಷ್ಟವನ್ನು ಪಟದ ಮೇಲೂ ಪಡಬೇಕಾದರೆ ಆಟವೇತಕ್ಕೆ ಎಂದು ಕೆಲವರು. ಮಕ್ಕಳಾಟದ ಜಗಳವೆಂದು ಇದನ್ನು ತಳ್ಳಿಬಿಡಲಾಗದು. ಲೋಕವನ್ನು ಅನುಕರಿಸುವ ಕಲೆಯು ಲೋಕಕ್ಕೆ ಎಷ್ಟರಮಟ್ಟಿಗೆ ಅಧೀನವಾಗಿರಬೇಕು ಎಂಬುದು ಭರತಮುನಿಯ ಕಾಲದಿಂದಲೂ ವಿಚಾರಿತವಾದ ಪ್ರಶ್ನೆ. ಕೋವಿ ಹಿಡಿದ ಹುಡುಗರು ಅದನ್ನು ಅರಿಯದೆಯೇ ಮತ್ತೆ ಎತ್ತಿದ್ದಾರೆ, ಅಷ್ಟೆ.

ಬೇಟೆಯನ್ನೂ ವಿನೋದವನ್ನೂ ಕೂಡಿಸಿ ನೋಡುವುದು ನಮ್ಮ ನಾಡಿಗೆ ಹೊಸದಲ್ಲ. ಬಳ್ಳಿಗಾವೆಯು ಬನವಾಸಿ ನಾಡಿನ ರಾಜಧಾನಿಯಾಗಿದ್ದ ಕಾಲದಲ್ಲಿ ಕಲ್ಯಾಣದಿಂದ ಆಳುತ್ತಿದ್ದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು ತನ್ನ ಮಾನಸೋಲ್ಲಾಸದಲ್ಲಿ ಅರಸನ ವಿನೋದಗಳನ್ನು ಇಪ್ಪತ್ತಾಗಿ ಎಣಿಸಿ ವರ್ಣಿಸಿದ್ದಾನೆ. ಅವುಗಳಲ್ಲಿ ಕೋಳಿಯ ಕಾಳಗವುಂಟು, ಲಾವುಗೆಯ ಕಾಳಗವುಂಟು, ಪಾರಿವಾಳವುಂಟು. ಗಿಡುಗನನ್ನು ಪಳಗಿಸಿ ಹಕ್ಕಿಗಳ ಮೇಲೆ ಬಿಡುವ ಶ್ಯೇನವಿನೋದವೂ ಮೃಗಯಾವಿನೋದವೂ ಉಂಟು. ಗೀತ ನೃತ್ಯ ಕಥೆಗಳ ಸಾಲಿನಲ್ಲಿಯೇ ಇವೆಲ್ಲವನ್ನೂ ಕೂರಿಸಿದ ಆ ಅರಸನಿಗೆ ಗಿಡುಗನ ಹಾರಾಟವೂ ನರ್ತಕಿಯ ಚಾರಿಯೂ ಒಂದೇ ಪ್ರಕರಣದ ವಿಷಯಗಳಾಗಿದ್ದುವು.

ಧರ್ಮಶಾಸ್ತ್ರದ ದೃಷ್ಟಿ ಬೇರೆ. ಮನುವು ಕಾಮದಿಂದ ಹುಟ್ಟುವ ಹತ್ತು ವ್ಯಸನಗಳನ್ನು ಹೇಳುವಾಗ ಮೊದಲು ಬೇಟೆಯನ್ನೂ ಅದರ ಬೆನ್ನಿಗೇ ಪಗಡೆಯ ಜೂಜನ್ನೂ ಇಡುತ್ತಾನೆ. ಪಟದ ಮೇಲಣ ಬೇಟೆ ಆ ಎರಡು ವ್ಯಸನಗಳಿಗೂ ಹುಟ್ಟಿದ ಕೂಸೆಂದು ಯಾರಾದರೂ ಹಾಸ್ಯಮಾಡಿದರೆ ಆಶ್ಚರ್ಯವಿಲ್ಲ. ಆದರೆ ಕೌಟಿಲ್ಯನು ಅಲ್ಲಿಗೆ ನಿಲ್ಲಲಿಲ್ಲ. ೧೯೦೯ರಲ್ಲಿ ಮೈಸೂರಿನ ಶಾಮಶಾಸ್ತ್ರಿಗಳು ಬೆಳಕಿಗೆ ತಂದ ಅರ್ಥಶಾಸ್ತ್ರದಲ್ಲಿ, ಬೇಟೆ ಜೂಜುಗಳಲ್ಲಿ ಯಾವುದು ಹೆಚ್ಚು ಕೆಟ್ಟದ್ದೆಂಬ ಚರ್ಚೆ ಬರುತ್ತದೆ. ಕಳ್ಳರು, ಕಾಡುಕಿಚ್ಚು, ದಿಕ್ಕುತಪ್ಪುವುದು, ಹಸಿವು ನೀರಡಿಕೆಗಳ ಭಯವಿರುವುದರಿಂದ ಬೇಟೆಯೇ ಕೆಟ್ಟದ್ದೆಂದು ಪಿಶುನನ ಮತ. ಕೌಟಿಲ್ಯನು ಅದನ್ನು ಒಪ್ಪುವುದಿಲ್ಲ. ಬೇಟೆಯಿಂದ ಮೈಗೆ ವ್ಯಾಯಾಮ. ನಿಂತ ಮತ್ತು ಓಡುವ ಗುರಿಗಳಲ್ಲಿ ಕೈಪಳಕ. ಸಿಟ್ಟಿನಲ್ಲಿ, ಭಯದಲ್ಲಿ ಮೃಗಗಳ ಮನಸ್ಸು ಹೇಗಿರುವುದೆಂಬ ತಿಳಿವು. ಇವು ಅವನು ಕೊಡುವ ಮುಖ್ಯ ಸಮಾಧಾನಗಳು. ಕಾಳಿದಾಸನ ಶಾಕುಂತಲದ ಎರಡನೆಯ ಅಂಕದಲ್ಲಿ ದುಷ್ಯಂತನ ಸೇನಾಪತಿ ಬೇಟೆಯನ್ನು ಹೊಗಳುವುದೂ ಈ ಕಾರಣಗಳಿಗಾಗಿಯೇ; ಮೈಕೈ ನೊಂದ ವಿದೂಷಕನಿಗೆ ಮಾತ್ರ ಅವಾವುವೂ ಬೇಡ.

ಈ ಮೂರು ಪ್ರಯೋಜನಗಳನ್ನು ಒರೆಗಲ್ಲಾಗಿ ಇಟ್ಟುಕೊಂಡರೆ ಇಂದಿನ ಆಟಗಳ ಬೆಲೆ ಕಟ್ಟುವುದು ಸುಲಭವಾಗುತ್ತದೆ. ವ್ಯಾಯಾಮದ ಮಾತು ಇಲ್ಲಿ ಬಾರದು. ಹೆಬ್ಬೆರಳಿಗೆ ಹೊರತು ಮತ್ತಾವ ಅಂಗಕ್ಕೂ ಇಲ್ಲಿ ಕೆಲಸವಿಲ್ಲ. ಉಳಿದುವು ಕೈಪಳಕವೂ ಮೃಗಚಿತ್ತದ ಜ್ಞಾನವೂ. ವಿನೋದಪಕ್ಷದವರ ಆಟಗಳು ಮೊದಲನೆಯದನ್ನು ಹಿಡಿದಿವೆ. ಯಥಾರ್ಥಪಕ್ಷದವರ ಆಟಗಳು ಎರಡನೆಯದನ್ನು ಕೊಡುವೆವೆಂದು ಹೇಳಿಕೊಳ್ಳುತ್ತವೆ.

ವಿನೋದಪಕ್ಷಕ್ಕೆ ಮೂಲಪುರುಷನಂತಿರುವುದು ಜಪಾನಿನ ನಿಂಟೆಂಡೊ ಸಂಸ್ಥೆಯವರು ೧೯೮೪ರಲ್ಲಿ ಹೊರತಂದ 'ಡಕ್ ಹಂಟ್'. ೧೯೯೦ರ ದಶಕದಲ್ಲಿ ನಮ್ಮ ಪೇಟೆಗಳಲ್ಲಿ ಟಿ.ವಿ. ಗೇಮು ಎಂಬ ಹೆಸರಿನಿಂದ ಮಾರಾಟವಾದ ಅನುಕರಣಯಂತ್ರಗಳ ಜೊತೆಗೆ ಪ್ಲಾಸ್ಟಿಕ್ ಪಿಸ್ತೂಲು ಸಹಿತವಾಗಿ ಈ ಆಟವೂ ಬಂದು ಅನೇಕ ಮನೆಗಳಲ್ಲಿ ನೆಲೆಸಿತು. ಇದರ ವಸ್ತು ಅತ್ಯಲ್ಪ. ಒಂದು ನಾಯಿ ಮೂಸುತ್ತ ಬರುತ್ತದೆ, ಹುಲ್ಲಿನೊಳಕ್ಕೆ ನೆಗೆಯುತ್ತದೆ, ಬಾತು ಹಾರುತ್ತದೆ. ಆಟಗಾರನಿಗೆ ಮೂರು ಈಡು. ತಗಲಿದರೆ ನಾಯಿ ಹಕ್ಕಿಯನ್ನೆತ್ತಿ ತೋರಿಸುತ್ತದೆ. ತಪ್ಪಿದರೆ ಹುಲ್ಲಿನಿಂದೆದ್ದು ನಗುತ್ತದೆ. ಒಂದು ಸುತ್ತಿಗೆ ಹತ್ತು ಬಾತುಗಳು. ಸುತ್ತು ಏರಿದಂತೆ ಅವುಗಳ ವೇಗವೂ ಏರುತ್ತದೆ. ಇಷ್ಟೇ. ಹೀಗಿದ್ದರೂ ನಾಟಕದ ಅಂಗಗಳು ಇದರಲ್ಲಿ ಹೇಗೆ ಕೂಡಿಬಂದಿವೆಯೆಂಬುದನ್ನು ವಾಚಕರು ಗಮನಿಸಬೇಕು. ಮೊದಲು ರಂಗಕ್ಕೆ ಬಂದು ಮುಂದಾಗುವುದನ್ನು ಸೂಚಿಸಿ ಮರೆಯಾಗುವ ನಾಯಿ ಸೂತ್ರಧಾರ. ನಾಯಕನ ಸೋಲಿಗೆ ನಗುವ ಅದೇ ನಾಯಿ ವಿದೂಷಕ. ಆಟಗಾರರು ಬಾತುಗಳನ್ನು ಮರೆತರೂ ನಾಯಿಯನ್ನು ಮರೆಯುವುದಿಲ್ಲ. ಆ ನಗುವಿಗೆ ರೋಸಿ ನಾಯಿಗೇ ಗುರಿಯಿಟ್ಟವರು ಲೆಕ್ಕವಿಲ್ಲ, ಆದರೆ ಮನೆಯ ಆಟದಲ್ಲಿ ನಾಯಿಗೆ ಏಟು ತಗಲುವುದಿಲ್ಲ. ಹಾಸ್ಯರಸಕ್ಕೆ ಬೇಕಾದ ಆಲಂಬನವು ಇಲ್ಲಿ ಬಾತಿನಲ್ಲಿಲ್ಲ, ಆಟಗಾರನಲ್ಲಿಯೇ ಇದೆ. ಅವನೇ ನಗೆಗೀಡಾಗುವವನು.

ಬೇಟೆನಾಯಿಯ ಯಥಾರ್ಥಚರಿತ್ರೆ ಬೇಕಾದವರು ಮಂಡ್ಯ ಸೀಮೆಯ ಆತಕೂರಿನ ಕಲ್ಲನ್ನು ನೋಡಬೇಕು. ಸುಮಾರು ೯೪೯-೫೦ರ ಆ ಶಾಸನದಲ್ಲಿ, ಗಂಗ ಬೂತುಗನಿಂದ ಮಣಲೇರನು ಬೇಡಿ ಪಡೆದ ಕಾಳಿಯೆಂಬ ನಾಯಿ ದೊಡ್ಡ ಹಂದಿಯೊಡನೆ ಹೋರಾಡಿ, ಎರಡೂ ಸತ್ತುದು ಬರೆಯಲ್ಪಟ್ಟಿದೆ. ನಾಯಿಯೂ ಹಂದಿಯೂ ಮೇಲೆ ಕೆತ್ತಲ್ಪಟ್ಟಿವೆ. ಕಾಳಿಗೆ ನಗಲು ಬಿಡುವಿರಲಿಲ್ಲ. ಹಾಗೆಂದು ನಗುವ ನಾಯಿ ಸುಳ್ಳೆಂದು ಹೇಳಲಾಗದು. ಭರತಮುನಿಯು ನಾಟ್ಯದಲ್ಲಿ ಲೋಕಧರ್ಮಿ, ನಾಟ್ಯಧರ್ಮಿ ಎಂದು ಎರಡು ಮಾರ್ಗಗಳನ್ನು ಹೇಳಿದ್ದಾನೆ. ಲೋಕದಲ್ಲಿ ನಡೆದಂತೆ ನಡೆಸುವುದು ಒಂದು; ಕಲೆಯ ಸಂಕೇತದಿಂದ ತೋರಿಸುವುದು ಇನ್ನೊಂದು. ನಮ್ಮ ಸೀಮೆಯ ಯಕ್ಷಗಾನದಲ್ಲಿ ಕಿರಾತನು ಬೇಟೆಗೆ ಹೊರಡುವಾಗ ರಂಗದ ಮೇಲೆ ಒಂದು ಎಲೆಯೂ ಇರುವುದಿಲ್ಲ. ಚೆಂಡೆಯ ಪೆಟ್ಟಿಗೂ ಕುಣಿತದ ಸುತ್ತಿಗೂ ಕಾಡು ತಾನಾಗಿ ಎದ್ದುನಿಲ್ಲುತ್ತದೆ. ಮರದ ಕೊಂಬೆಗಳನ್ನು ಕಡಿದು ತಂದು ರಂಗದ ಮೇಲೆ ನೆಟ್ಟರೆ ಅದು ಹೆಚ್ಚು ಕಾಡಾಗುವುದಿಲ್ಲ, ಕುಣಿಯಲು ಅಡ್ಡಿಯಾಗುತ್ತದೆ. 'ಡಕ್ ಹಂಟ್' ಈ ನಾಟ್ಯಧರ್ಮಿಯ ಸಂತತಿಗೆ ಸೇರಿದುದು. ಬಳ್ಳಿಗಾವೆಯಲ್ಲಿ ೧೦೪೭ರಲ್ಲಿ ಚಾವುಂಡರಾಯನು ನಿಲ್ಲಿಸಿದ ಸ್ತಂಭದ ಭೇರುಂಡವನ್ನು ನೆನೆಯಬಹುದು. ಮನುಷ್ಯನ ಮೈ, ಹಕ್ಕಿಯ ಎರಡು ತಲೆ. ಅಂತಹ ಹಕ್ಕಿಯನ್ನು ಯಾವ ಕಾಡಿನಲ್ಲಿಯೂ ಯಾರೂ ಕಂಡಿಲ್ಲ, ಆದರೂ ಅದು ಹಕ್ಕಿಯಲ್ಲವೆಂದು ಯಾರೂ ತಕರಾರು ಮಾಡಲಿಲ್ಲ.

ಈ ಆಟದ ಕೋವಿಯ ರಹಸ್ಯವೂ ಹೇಳಿಕೊಳ್ಳತಕ್ಕದ್ದಾಗಿದೆ. ಅದರಿಂದ ಏನೂ ಹೊರಡುವುದಿಲ್ಲ. ಆಟಗಾರನು ಕುದುರೆಯನ್ನು ಒತ್ತಿದ ಕ್ಷಣದಲ್ಲಿ ಪಟವು ಅತ್ಯಲ್ಪಕಾಲ ಕಪ್ಪಾಗಿ, ಮರುಕ್ಷಣ ಬಾತಿದ್ದ ಸ್ಥಳದಲ್ಲಿ ಒಂದು ಬಿಳಿಯ ಚೌಕ ಬೆಳಗುತ್ತದೆ. ಕೋವಿಯ ನಳಿಗೆಯ ಒಳಗಿರುವ ಬೆಳಕಿನ ಕಣ್ಣು ಆ ಬಿಳುಪನ್ನು ಕಂಡಿತೆಂದರೆ ಹಕ್ಕಿ ಬಿದ್ದಿತು. ಹಳೆಯ ಕಾಲದ ದಪ್ಪ ಟೆಲಿವಿಷನ್ನು ಪಟದ ಮೇಲೆ ಚಿತ್ರ ಬರೆಯುವ ವೇಗಕ್ಕೆ ಈ ಲೆಕ್ಕವು ಹೊಂದಿಕೊಂಡಿದ್ದುದರಿಂದ, ಚಪ್ಪಟೆ ಪಟಗಳು ಬಂದಮೇಲೆ ಆ ಕೋವಿ ಕುರುಡಾಯಿತು. ಅಂತೂ ಅದು ಕೊಲ್ಲುವ ಕೋವಿಯಲ್ಲ, ನೋಡುವ ಕೋವಿ.

ವಿನೋದವನ್ನು ಹಿಡಿದ ಎಲ್ಲ ಆಟಗಳಿಗೂ ಈ ಪ್ರಶಂಸೆ ಸಲ್ಲದು. ೧೯೯೯ರಲ್ಲಿ ಜರ್ಮನಿಯಲ್ಲಿ ಒಂದು ಮದ್ಯದ ಪ್ರಚಾರಕ್ಕಾಗಿ ಹುಟ್ಟಿ ಕಚೇರಿಗಳ ಕಂಪ್ಯೂಟರುಗಳಲ್ಲೆಲ್ಲ ಹಬ್ಬಿದ 'ಮೋರ್‌ಹೂನ್' ಎಂಬುದರಲ್ಲಿ ತೊಂಬತ್ತು ಸೆಕೆಂಡುಗಳೊಳಗೆ ಎಷ್ಟು ಕೋಳಿಗಳು ಬಿದ್ದುವೆಂಬುದೊಂದೇ ಲೆಕ್ಕ. ಅಲ್ಲಿ ಪ್ರವೇಶವಿಲ್ಲ, ನಿರೀಕ್ಷೆಯಿಲ್ಲ, ನಿರಾಶೆಯೂ ಇಲ್ಲ, ಎಣಿಕೆಯೊಂದೇ. ಜಾತ್ರೆಯಲ್ಲಿ ಬಲೂನಿಗೆ ಗುರಿಯಿಡುವ ಅಂಗಡಿಯವನು ಇದಕ್ಕಿಂತ ಹೆಚ್ಚು ರಸವನ್ನು ಬಲ್ಲನು: ಬಲೂನು ಒಡೆಯುವ ಮುನ್ನ ಒಂದು ಗಳಿಗೆ ಸುತ್ತಲಿನವರೆಲ್ಲರ ಉಸಿರೂ ನಿಂತಿರುತ್ತದೆ. ಇನ್ನು ೨೦೦೯ರಲ್ಲಿ ಫಿನ್ಲೆಂಡಿನಿಂದ ಬಂದ 'ಆಂಗ್ರಿ ಬರ್ಡ್ಸ್' ಎಂಬುದಂತೂ ಎಲ್ಲವನ್ನೂ ತಲೆಕೆಳಗು ಮಾಡಿ ಹಕ್ಕಿಯನ್ನೇ ಕವಣೆಯ ಕಲ್ಲಾಗಿ ಮಾಡಿಬಿಟ್ಟಿತು. ಗದ್ದೆಯ ಹಕ್ಕಿ ಓಡಿಸಲು ಕವಣೆ ಬೀಸಿದ ರೈತನಿಗೆ ಇದು ಅರ್ಥವಾಗುವುದು ಕಷ್ಟ.

ಯಥಾರ್ಥಪಕ್ಷದ ಆಟಗಳ ಸಾಧನೆ ಅಲ್ಪವಲ್ಲ. ಸ್ವೀಡನ್ನಿನವರು ೨೦೧೭ರಲ್ಲಿ ಹೊರತಂದ 'ದಿ ಹಂಟರ್: ಕಾಲ್ ಆಫ್ ದಿ ವೈಲ್ಡ್' ಎಂಬುದನ್ನೂ, ಸ್ಲೋವಾಕಿಯಾದವರು ೨೦೨೨ರಲ್ಲಿ ಹೊರತಂದ 'ವೇ ಆಫ್ ದಿ ಹಂಟರ್' ಎಂಬುದನ್ನೂ ಈ ಪಕ್ಷದ ಮುಖ್ಯಪ್ರಮಾಣಗಳಾಗಿ ಹಿಡಿಯಬಹುದು. ಮೊದಲನೆಯದರಲ್ಲಿ ಗಾಳಿ ಯಾವ ಕಡೆಗೆ ಬೀಸುತ್ತಿದೆಯೆಂಬುದನ್ನು ನೋಡಿಕೊಳ್ಳಬೇಕು. ಹೆಜ್ಜೆಯ ಸದ್ದನ್ನು ಅಡಗಿಸಬೇಕು. ಹಕ್ಕಿಗೆ ಚರೆಯ ತೋಟೆಯೇ ಬೇಕು. ದೊಡ್ಡ ಗುಂಡು ಹೊಡೆದು ಹಕ್ಕಿಯನ್ನು ಚಿಂದಿಮಾಡಿದರೆ ಅಂಕ ಕಡಿಮೆ. ಬಾತಿನ ಬೇಟೆಗೆ ನೀರಿನ ಮೇಲೆ ಹುಸಿಬಾತುಗಳನ್ನು ತೇಲಿಬಿಟ್ಟು, ಮರೆಯಲ್ಲಿ ಕುಳಿತು, ಬಾತಿನ ಕೂಗನ್ನು ಊದಿ ಕರೆಯಬೇಕು. ಎರಡನೆಯದರಲ್ಲಿ ಪ್ರಾಣಿಗಳು ಮೇಯುವ, ನೀರು ಕುಡಿಯುವ, ಮಲಗುವ ತಾಣಗಳನ್ನೂ ವೇಳೆಗಳನ್ನೂ ಅರಿತುಕೊಳ್ಳಬೇಕು. ಕಂಡಕಂಡುದನ್ನೆಲ್ಲ ಹೊಡೆದರೆ ಆ ಹಿಂಡಿನ ಸತ್ತ್ವವೇ ಇಳಿದುಹೋಗುತ್ತದೆ. ಕೌಟಿಲ್ಯನು ಹೇಳಿದ ಮೃಗಚಿತ್ತಜ್ಞಾನಕ್ಕೆ ಇಷ್ಟು ಹತ್ತಿರಕ್ಕೆ ಬಂದ ಆಟಗಳನ್ನು ಅವಜ್ಞೆಮಾಡುವುದು ವಿಮರ್ಶೆಯಲ್ಲ.

ಇವುಗಳ ಮೇಲೆ ಸಾಮಾನ್ಯವಾಗಿ ಬರುವ ದೂರು ಬೇಸರದ್ದು. ಅರ್ಧ ಗಂಟೆ ನಡೆದರೂ ಒಂದು ಹಕ್ಕಿ ಕಾಣದು. ಕಂಡರೂ ಈಡಿನ ಅಳತೆಗೆ ಬಾರದು. ಬಂದಾಗ ಒಂದು ಕಡ್ಡಿ ಮುರಿದು ಎಲ್ಲವೂ ಹಾರಿಹೋಗುವುದು. ಈ ದೂರೇ ಆ ಆಟಗಳಿಗೆ ಸಲ್ಲತಕ್ಕ ದೊಡ್ಡ ಹೊಗಳಿಕೆ. ಮಲೆನಾಡಿನ ಹಳೆಯ ಬೇಟೆಗಾರರ ಮಾತಿನಲ್ಲಿ ಇದಕ್ಕೆ ಮರಸು ಕೂರುವುದೆಂದು ಹೆಸರು. ಹೊರಸಲು ಹಕ್ಕಿ ಯಾವ ಮರದ ಹಣ್ಣಿಗೆ ಬರುತ್ತದೆ, ಕಾಡುಕೋಳಿ ಯಾವ ಹೊತ್ತಿಗೆ ಹಳುವಿನಿಂದ ಬಯಲಂಚಿಗೆ ಇಳಿಯುತ್ತದೆ, ಯಾವ ಕೂಗು ಮೇವಿನದು ಯಾವುದು ಹೆದರಿಕೆಯದು ಎಂಬ ತಿಳಿವೆಲ್ಲವೂ ಆ ಕುಳಿತ ಹೊತ್ತಿನಲ್ಲಿ ಬಂದುದೇ ಹೊರತು ಈಡು ಹೊಡೆದ ಹೊತ್ತಿನಲ್ಲಿ ಬಂದುದಲ್ಲ. ಕುವೆಂಪುರವರ 'ಮಲೆನಾಡಿನ ಚಿತ್ರಗಳು' ೧೯೩೩ರಲ್ಲಿ ಪ್ರಕಟವಾದಂದಿನಿಂದ ಇಂದಿನವರೆಗೆ ಅದರ ಬೇಟೆಯ ಪ್ರಸಂಗಗಳನ್ನು ಓದುವವರು ಸತ್ತ ಪ್ರಾಣಿಗಳ ಲೆಕ್ಕಕ್ಕಾಗಿ ಓದುವುದಿಲ್ಲ. ಕಾಡಿನಲ್ಲಿ ಕಾಯುತ್ತ ಕುಳಿತವರ ಮನಸ್ಸಿಗಾಗಿ ಓದುತ್ತಾರೆ. ಬೇಟೆಯ ಅನುಭವವುಳ್ಳ ಪೂರ್ಣಚಂದ್ರ ತೇಜಸ್ವಿಯವರು ಹಕ್ಕಿಗಳ ಛಾಯಾಚಿತ್ರಕಾರರಾದುದೂ ಎಲ್ಲರೂ ಬಲ್ಲ ವಿಷಯ. ಕಾಯುವ ಕೌಶಲವು ಒಂದೇ. ಕೊನೆಯಲ್ಲಿ ಒತ್ತುವ ಗುಂಡಿ ಮಾತ್ರ ಬೇರೆ. ೧೯೭೨ರ ಶಾಸನವು ಕೊಲ್ಲುವುದನ್ನು ನಿಲ್ಲಿಸಿತು, ಅದು ಒಳ್ಳೆಯದೇ ಆಯಿತು. ಆದರೆ ಮರಸು, ಸೋವು, ಈಡು ಎಂಬ ಮಾತುಗಳ ಜೊತೆಗೆ ಹಕ್ಕಿಯ ನಡೆಯನ್ನು ಬಲ್ಲವರ ಸಂತತಿಯೂ ಹಳ್ಳಿಗಳಲ್ಲಿ ತೆಳುವಾಗುತ್ತಿದೆ. ಆ ತಿಳಿವಿನ ಛಾಯೆಯೊಂದು ಪಟದ ಮೂಲಕವಾದರೂ ಹುಡುಗರಿಗೆ ದೊರೆಯುವುದಾದರೆ ಅದನ್ನು ಬೇಡವೆನ್ನಲು ಕಾರಣವಿಲ್ಲ.

ಆದರೆ ಈ ಯಥಾರ್ಥತೆಯು ಎಲ್ಲಿ ನಿಲ್ಲುತ್ತದೆಯೆಂಬುದನ್ನು ನೋಡಬೇಕು. ಸತ್ತ ಪ್ರಾಣಿಯ ಬಳಿಗೆ ಹೋದರೆ ಯಾವ ಅಂಗಕ್ಕೆ ಗುಂಡು ತಾಗಿತೆಂಬುದನ್ನು ಚಿತ್ರ ಬಿಡಿಸಿ ತೋರಿಸುತ್ತಾರೆ. ಹೃದಯ, ಶ್ವಾಸಕೋಶ, ಮೂಳೆ ಎಲ್ಲವೂ ಅದರದರ ಸ್ಥಾನದಲ್ಲಿವೆ. ಕೋವಿಯ ಮರದ ನೆಯ್ಗೆಯನ್ನೂ ತೋಟೆ ಬೀಳುವ ಸದ್ದನ್ನೂ ಶ್ರದ್ಧೆಯಿಂದ ಅನುಕರಿಸಿದ್ದಾರೆ. ಇಷ್ಟೆಲ್ಲ ಕಂಡವರು ಗೂಡನ್ನು ಕಾಣಲಿಲ್ಲ. ಹಕ್ಕಿಗೆ ಒಡಲುಂಟು, ಗರಿಯುಂಟು, ಭಯವೂ ಉಂಟು, ಮರಿಯಿಲ್ಲ, ಜೊತೆಯಿಲ್ಲ. ಗುಡವಿಯ ಕೆರೆಯ ದಂಡೆಯಲ್ಲಿ ಮಳೆಗಾಲದ ಒಂದು ದಿನ ನಿಂತವನಿಗೆ ಹಕ್ಕಿಯೆಂದರೆ ಮೊದಲು ಕಾಣುವುದು ಕಡ್ಡಿ ಕಚ್ಚಿಕೊಂಡು ಹೋಗುವ ಕೊಕ್ಕು, ಬಾಯಿತೆರೆದ ಮರಿ, ಕೊಂಬೆಗಾಗಿ ಜಗಳ. ಆಟದಲ್ಲಿ ಹಕ್ಕಿಯ ಬದುಕು ಕೋವಿಗೆ ಸಂಬಂಧಿಸಿದಷ್ಟು ಮಾತ್ರವೇ ಯಥಾರ್ಥ. ಸಾಧನದ ಯಥಾರ್ಥತೆಯನ್ನು ವಿಷಯದ ಯಥಾರ್ಥತೆಯೆಂದು ಭ್ರಮಿಸುವುದು ಈ ಪಕ್ಷದ ಮುಖ್ಯದೋಷ. ಆಲಂಕಾರಿಕರು ಸ್ವಭಾವೋಕ್ತಿಯೆಂದು ಕರೆದುದು ವಸ್ತುವಿನ ಸ್ವಭಾವವನ್ನು. ಬಾಣದ ಸ್ವಭಾವವನ್ನು ವರ್ಣಿಸಿ ಜಿಂಕೆಯ ಸ್ವಭಾವವನ್ನು ವರ್ಣಿಸಿದೆನೆಂದು ಯಾವ ಕವಿಯೂ ಹೇಳಿಕೊಂಡಿಲ್ಲ.

ಇದಕ್ಕೆ ಎರಡು ಉದಾಹರಣೆಗಳು ಸಾಕು. ಬಾತನ್ನು ಕರೆಯಲು ಬೇಟೆಗಾರರು ಊದುವ ಕೂಗು ಸಾಮಾನ್ಯವಾಗಿ ಹೆಣ್ಣುಬಾತಿನದು. ಗಂಡು ಅದನ್ನು ನಂಬಿ ಬರುತ್ತದೆ. ನಿಜವಾದ ಬೇಟೆಯಲ್ಲಿಯೂ ಹೀಗೆಯೇ ಇರುವುದರಿಂದ ಆಟದವರು ಅದನ್ನು ಸೇರಿಸಿದುದು ನ್ಯಾಯವೇ. ಆದರೆ ಆ ಕೂಗಿಗೆ ಹಕ್ಕಿಯ ಬದುಕಿನಲ್ಲಿ ಏನರ್ಥವೆಂಬುದು ಆಟದಲ್ಲಿ ಎಲ್ಲಿಯೂ ಬಾರದೆ, ಅದು ಕೇವಲ ಒಂದು ಸಲಕರಣೆಯಾಗಿ ಉಳಿಯುತ್ತದೆ. ಇನ್ನೊಂದು 'ಡಕ್ ಹಂಟಿ'ನದೇ. ಅದರ ಎರಡನೆಯ ವಿಭಾಗದಲ್ಲಿ ಎರಡು ಬಾತುಗಳು ಒಟ್ಟಿಗೆ ಹಾರುತ್ತವೆ. ಒಂದು ಬಿದ್ದರೆ ಇನ್ನೊಂದು ಏನೂ ಆಗದಂತೆ ಹಾರುತ್ತಲೇ ಇರುತ್ತದೆ. ರಾಮಾಯಣದ ಹುಟ್ಟೇ ಇಂತಹ ಜೋಡಿಯೊಂದರಲ್ಲಿದೆ. ತಮಸಾತೀರದಲ್ಲಿ ಬೇಡನು ಹೊಡೆದುದು ಒಂದು ಕ್ರೌಂಚವನ್ನು. ವಾಲ್ಮೀಕಿಯ ಶೋಕವು ಶ್ಲೋಕವಾದುದು ಉಳಿದ ಇನ್ನೊಂದರ ಅಳಲಿನಿಂದ. ನಾಟ್ಯಧರ್ಮಿಯ ಆಟವು ಈ ಎರಡನೆಯ ಹಕ್ಕಿಯನ್ನು ಬಿಟ್ಟರೆ ಕ್ಷಮಿಸಬಹುದು, ಏಕೆಂದರೆ ಅದು ತನ್ನ ಬಾತುಗಳನ್ನು ಬಾತುಗಳೆಂದು ನಂಬಿಸಲು ಹೊರಟಿಲ್ಲ. ಶ್ರೀಶಂಕುಕನು ಚಿತ್ರತುರಗನ್ಯಾಯದಲ್ಲಿ ಹೇಳಿದಂತೆ, ಬರೆದ ಕುದುರೆಯನ್ನು ಕುದುರೆಯೆಂದು ತಿಳಿಯುವುದು ಸತ್ಯಜ್ಞಾನವೂ ಅಲ್ಲ, ಭ್ರಾಂತಿಯೂ ಅಲ್ಲ, ಸಂಶಯವೂ ಅಲ್ಲ. ಅದೊಂದು ಬೇರೆಯೇ ಬಗೆಯ ಅರಿವು. ಬರೆದ ಬಾತಿನ ವಿಷಯವೂ ಅದೇ. ಆದರೆ ಇದು ಬರೆದುದಲ್ಲ, ನಿಜದಂತೆಯೇ ಇರುವುದು ಎಂದು ಸಾರುವ ಆಟವು ಎರಡನೆಯ ಹಕ್ಕಿಯ ಲೆಕ್ಕವನ್ನು ಕೊಡಬೇಕಾಗುತ್ತದೆ.

ಲೆಕ್ಕ ಕೊಟ್ಟರೆ ವಿನೋದವು ಕೆಡುವುದು, ಕರುಣರಸವು ಬಂದು ಆಟವನ್ನೇ ಮುಳುಗಿಸುವುದು ಎಂಬ ಆಕ್ಷೇಪ ಬರಬಹುದು. ಕಾಳಿದಾಸನ ರಘುವಂಶದ ಒಂಬತ್ತನೆಯ ಸರ್ಗವು ಇದಕ್ಕೆ ಉತ್ತರವಾಗಿದೆ. ದಶರಥನ ಬೇಟೆ ಅಲ್ಲಿ ಉತ್ಸಾಹದಿಂದಲೇ ನಡೆಯುತ್ತದೆ. ಹಂದಿ, ಹುಲಿ, ಸಿಂಹಗಳಿಗೆ ಅರಸನು ದಯೆತೋರಿಸಿದನೆಂದು ಕವಿ ಹೇಳುವುದಿಲ್ಲ. ನಡುವೆ ಗಂಡುಜಿಂಕೆಗೆ ಗುರಿಯಿಟ್ಟಾಗ ಹೆಣ್ಣು ಬಂದು ಅಡ್ಡ ನಿಲ್ಲುತ್ತದೆ. ಕಿವಿಯವರೆಗೆ ಸೆಳೆದ ಬಾಣವನ್ನು ಅರಸನು ಇಳಿಸುತ್ತಾನೆ. ಮತ್ತೊಮ್ಮೆ ಕುದುರೆಯ ಪಕ್ಕದಲ್ಲಿಯೇ ನವಿಲೊಂದು ಹಾರುತ್ತದೆ; ಅದರ ಗರಿಯ ಕಾಂತಿಯಲ್ಲಿ ತನ್ನ ಪ್ರಿಯೆಯ ಹೂಮುಡಿಯ ನೆನಪಾಗಿ ಅದನ್ನೂ ಬಿಡುತ್ತಾನೆ. ಈ ಎರಡು ಬಿಡುಗಡೆಗಳಿಂದ ಬೇಟೆಯ ಸೊಗಸು ಕುಂದಿತೇ? ಕುಂದಲಿಲ್ಲ, ಬಿಡಬಲ್ಲವನ ಕೈಯಲ್ಲಿದ್ದುದರಿಂದ ಬಿಲ್ಲಿಗೆ ಘನತೆ ಬಂದಿತು. ಅದೇ ಅರಸನು ಕೊನೆಯಲ್ಲಿ ಕಣ್ಣಿನಿಂದ ನೋಡದೆ ಸದ್ದನ್ನು ನಂಬಿ ಬಾಣ ಬಿಟ್ಟು ಮುನಿಕುಮಾರನನ್ನು ಕೊಂದುದನ್ನು ಕವಿಯು ಅದೇ ಸರ್ಗದಲ್ಲಿಯೇ ಇಟ್ಟಿರುವುದು ಆಕಸ್ಮಿಕವಲ್ಲ. ನೋಡಿ ಬಿಟ್ಟುದು, ನೋಡದೆ ಹೊಡೆದುದು. ಇವೆರಡರ ನಡುವೆ ಬೇಟೆಯ ಚರಿತ್ರೆಯೆಲ್ಲ ಅಡಗಿದೆ.

ಈಗಿನ ಆಟಗಳಲ್ಲಿ ಬಿಟ್ಟ ಹಕ್ಕಿಗೆ ಅಂಕವಿಲ್ಲ. 'ವೇ ಆಫ್ ದಿ ಹಂಟರ್'ನಲ್ಲಿ ಎಳೆಯ ಗಂಡುಗಳನ್ನು ಬಿಡುವುದು ಲಾಭಕರವೇನೋ ನಿಜ. ಆದರೆ ಅದು ಮುಂದೆ ದೊಡ್ಡ ಕೊಂಬು ದೊರೆಯಲೆಂದು. ಸಾಲಕೊಟ್ಟು ಬಡ್ಡಿಯೆಣಿಸುವವನನ್ನು ದಾನಿಯೆನ್ನುವ ವಾಡಿಕೆಯಿಲ್ಲ. ನೋಡುವ ಕೆಲಸದಲ್ಲಿಯೂ ಈ ಆಟಗಳು ಆಟಗಾರನಿಗೆ ಒಂದು ಅಪಕಾರವನ್ನು ಮಾಡುತ್ತವೆ. 'ದಿ ಹಂಟರ್'ನಲ್ಲಿ ದುರ್ಬೀನು ಹಿಡಿದು ನೋಡಿದೊಡನೆಯೇ ಪ್ರಾಣಿಯ ಹೆಸರೂ ಲಿಂಗವೂ ಪಟದ ಮೇಲೆ ತಾವಾಗಿಯೇ ಮೂಡುತ್ತವೆ. ಸಲೀಂ ಅಲಿಯವರು ಬಾಲ್ಯದಲ್ಲಿ, ೧೯೦೮ರಲ್ಲಿ, ಗಾಳಿಕೋವಿಯಿಂದ ಒಂದು ಗುಬ್ಬಿಯನ್ನು ಹೊಡೆದಾಗ ಅದರ ಕತ್ತಿನಲ್ಲಿ ಹಳದಿಯ ಕಲೆಯನ್ನು ಕಂಡು, ಇದೇನೆಂದು ಕೇಳಲು ಮುಂಬಯಿಯ ನೈಸರ್ಗಿಕ ಇತಿಹಾಸ ಸಂಘದ ಬಾಗಿಲಿಗೆ ಹೋದರು. ಭಾರತದ ಪಕ್ಷಿಶಾಸ್ತ್ರದ ಒಂದು ದೊಡ್ಡ ಅಧ್ಯಾಯ ಆ ಬಾಗಿಲಿನಿಂದ ಹೊರಟಿತು. ಆ ಗುಬ್ಬಿಯ ಹೆಸರು ಹೊಡೆದೊಡನೆಯೇ ಗಾಳಿಯಲ್ಲಿ ಅಕ್ಷರವಾಗಿ ಮೂಡಿದ್ದರೆ ಅವರು ಯಾರನ್ನೂ ಕೇಳಬೇಕಾಗಿರಲಿಲ್ಲ. ಅರಿಯದೆ ಇರುವುದು, ಅರಿಯಲು ತವಕಿಸುವುದು, ತಪ್ಪಾಗಿ ಗುರುತಿಸಿ ಮತ್ತೆ ತಿದ್ದಿಕೊಳ್ಳುವುದು, ಇದೂ ಬೇಟೆಯ ಯಥಾರ್ಥತೆಯೇ. ಇದನ್ನು ಕಿತ್ತುಹಾಕಿ ಕೋವಿಯ ತೂಕವನ್ನು ಮಾತ್ರ ಉಳಿಸಿಕೊಂಡುದು ಯಾವ ನ್ಯಾಯವೋ ತಿಳಿಯದು.

ಮೇಲಾಗಿ ಪಟದ ಕೆರೆಯಲ್ಲಿ ಈಜುವ ಹಸಿರುತಲೆಯ ಬಾತು ಯೂರೋಪು ಅಮೆರಿಕಗಳ ಮನೆಹಕ್ಕಿಯಂತಿರುವುದೇ ಹೊರತು ಸೊರಬದ ಕೆರೆಗಳ ಒಕ್ಕಲಲ್ಲ. ಅದರ ನಡೆನುಡಿಗಳಲ್ಲಿ ನಿಪುಣನಾದ ಹುಡುಗನು ಗುಡವಿಯ ದಂಡೆಗೆ ಬಂದು ಹಾವಕ್ಕಿಗೂ ನೀರುಕಾಗೆಗೂ ಭೇದವರಿಯದೆ ನಿಂತರೆ ತಪ್ಪು ಅವನದಲ್ಲ. ಕೊಕ್ಕು ಈಟಿಯಂತೆ ನೆಟ್ಟಗಿದ್ದು ಕತ್ತು ಮಾತ್ರ ನೀರಿನ ಮೇಲೆ ಹಾವಿನಂತೆ ಆಡಿದರೆ ಹಾವಕ್ಕಿ. ಕೊಕ್ಕಿನ ತುದಿ ಕೊಕ್ಕೆಯಂತೆ ಬಾಗಿದ್ದರೆ ನೀರುಕಾಗೆ. ಎರಡೂ ಮುಳುಗಿ ಮೀನು ಹಿಡಿದು, ಆಮೇಲೆ ರೆಕ್ಕೆ ಬಿಡಿಸಿ ಬಿಸಿಲಿಗೆ ಒಣಗಿಸಿಕೊಳ್ಳುವುದರಿಂದ ದೂರದಿಂದ ಗೊಂದಲವಾಗುವುದು ಸಹಜ. ಇದನ್ನು ಗುರುತಿಸುವುದರಲ್ಲಿರುವ ಚುರುಕಿ ಯಾವ ಗುರಿಯಾಟಕ್ಕೂ ಕಡಿಮೆಯಲ್ಲ. ಅದಕ್ಕೆ ಗಾಳಿ, ಸದ್ದು, ಮರೆ, ತಾಳ್ಮೆ ಎಲ್ಲವೂ ಬೇಕು. ಯಥಾರ್ಥಪಕ್ಷದವರ ಸಾಮಗ್ರಿಯೆಲ್ಲ ಹಾಗೆಯೇ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಕನ್ನಡನಾಡಿನಲ್ಲಿ ಇಂತಹ ಯಂತ್ರಕ್ರೀಡೆಗಳನ್ನು ರಚಿಸುವ ತರುಣರಿಗೆ ಕೊರತೆಯಿಲ್ಲ, ಕೆರೆಯೂ ದೂರವಿಲ್ಲ.

ಕೊನೆಯದಾಗಿ ಬಾಣಭಟ್ಟನ ಮಾತು. ಕಾದಂಬರಿಯಲ್ಲಿ ಶಬರಸೈನ್ಯದ ಬೇಟೆಯನ್ನು ಅವನು ಕೋಲಾಹಲಸಹಿತವಾಗಿ ವರ್ಣಿಸುತ್ತಾನೆ. ನಾಗವರ್ಮನು ಅದನ್ನು ಕನ್ನಡಿಸಿ ನಮ್ಮದಾಗಿಸಿದ್ದಾನೆ. ಯಥಾರ್ಥತೆಯಲ್ಲಿ ಆ ವರ್ಣನೆಯನ್ನು ಮೀರಿಸಿದ ಪಟವಿನ್ನೂ ಬಂದಿಲ್ಲ. ಆದರೆ ಅದನ್ನು ಹೇಳುವವನು ಬೇಟೆಗಾರನಲ್ಲ, ಪಂಪಾಸರಸ್ಸಿನ ದಂಡೆಯ ಬೂರುಗದ ಪೊಟರೆಯಲ್ಲಿ ತಂದೆಯ ರೆಕ್ಕೆಯ ಕೆಳಗೆ ಅಡಗಿದ್ದ ಒಂದು ಗಿಳಿಮರಿ. ಸೈನ್ಯವೆಲ್ಲ ಹೋದಮೇಲೆ ಹಿಂದುಳಿದ ಮುದಿಶಬರನೊಬ್ಬನು ಮರವನ್ನೇರಿ ಗೂಡುಗೂಡಿಗೂ ಕೈಯಿಕ್ಕುತ್ತಾನೆ. ಮುಪ್ಪಿನ ತಂದೆಗಿಳಿ ಮರಿಯನ್ನು ಮುಚ್ಚಿಕೊಂಡು ಸಾಯುತ್ತದೆ. ಕೆಳಗೆ ಬಿದ್ದ ಮರಿ ಒಣಗಿದೆಲೆಗಳ ರಾಶಿಯ ಮೇಲೆ ಉಳಿದುಕೊಂಡು ತೆವಳುತ್ತ ಹೋಗುತ್ತದೆ. ಕೈ ಹತ್ತಿರಕ್ಕೆ ಬರುವುದನ್ನು ಪೊಟರೆಯ ಒಳಗಿನಿಂದ ನೋಡುವ ಆ ನೋಟಕ್ಕೆ, ಇಲ್ಲಿ ಹೆಸರಿಸಿದ ಬೇಟೆಯಾಟಗಳಲ್ಲಿ ಯಾವುದೂ ಇದುವರೆಗೆ ತನ್ನ ಪಟದಲ್ಲಿ ಎಡೆಕೊಟ್ಟಿಲ್ಲ.